ಕೆರೆ ಅರ್ಜಿಯಿಂದ ಸಹಿ ವಾಪಸ್ ತಗೋ ಅಂತ ಮನೆಗೇ ಬಂದಿದ್ದಾರೆ, ಏನು ಮಾಡಲಿ?

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿದೆ. ಊರ ಹೆಸರು ಬೇಡ. ನಾನು ಹುಬ್ಬಳ್ಳಿಯಲ್ಲಿ ಗೋಕುಲ ರೋಡ್ ಕಡೆ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತೇನೆ. ಅವ್ವ, ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು ಊರಲ್ಲೇ ಇದ್ದಾರೆ.

ಊರ ಮುಂದೆ ಒಂದು ಸಣ್ಣ ಕೆರೆ. ಎಮ್ಮೆ ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಗಣಪತಿ ಬಿಡುವುದು ಎಲ್ಲ ಅಲ್ಲೇ. ಹೋದ ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಪಕ್ಕದ ಹೊಲದವರು ಮೂಡಲ ದಂಡೆಗೆ ಗರಸು ಹಾಕಿಸಲು ಶುರು ಮಾಡಿದರು. ಮೊದಲು ಟ್ರ್ಯಾಕ್ಟರ್ ಬಂತು, ಆಮೇಲೆ ರಾತ್ರಿ ಹೊತ್ತು ಟಿಪ್ಪರ್. ಈಗ ಅರ್ಧ ಎಕರೆಯಷ್ಟು ಕೆರೆ ಅಂಗಳ ರಸ್ತೆ ಮಟ್ಟಕ್ಕೆ ಎದ್ದಿದೆ. ಕಲ್ಲು ನೆಟ್ಟು ತಂತಿ ಎಳೆದಿದ್ದಾರೆ. ಸೈಟ್ ಮಾಡುತ್ತಾರಂತೆ.

ಶ್ರಾವಣದಲ್ಲಿ ನಾವು ಹನ್ನೆರಡು ಜನ ಸೇರಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು. ಬರೆದವನು ನಾನೇ. ಜಾಗ ಅಳೆಸಿ ಕೆರೆಯ ಗಡಿ ಗುರುತು ಮಾಡಿಕೊಡಿ ಎಂದಷ್ಟೇ ಕೇಳಿದ್ದೆವು. ಯಾರ ಹೆಸರನ್ನೂ ಹಾಕಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹತ್ತು ಜನ ಹಿಂದೆ ಸರಿದರು. ಒಬ್ಬರಿಗೆ ಕೈಗಡ, ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರ ಹೊಲಕ್ಕೆ ಹೋಗುವ ದಾರಿಯೇ ಗರಸು ಹಾಕಿಸಿದವರ ಹೊಲದಲ್ಲಿದೆ. ನಾನು ಯಾರನ್ನೂ ಬೈಯುವುದಿಲ್ಲ. ಈಗ ಉಳಿದಿರುವುದು ನಾನು ಮತ್ತು ಹೆಬ್ಬೆಟ್ಟು ಒತ್ತಿದ ಒಬ್ಬ ಅಜ್ಜಿ. ಆಕೆಗೆ ಎರಡು ಎಮ್ಮೆ ಇವೆ. ಆ ಕೆರೆ ಬಿಟ್ಟರೆ ಅವಕ್ಕೆ ಬೇರೆ ನೀರಿಲ್ಲ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಸಂಜೆ ಮೂವರು ಹಿರಿಯರು ಮನೆಗೆ ಬಂದರು. ಅವರಲ್ಲಿ ಒಬ್ಬರು ನನಗೆ ಕಾಕಾ ಆಗಬೇಕು. ಅಪ್ಪ ತೀರಿಕೊಂಡಾಗ ಮುಂದೆ ನಿಂತು ಎಲ್ಲ ಮಾಡಿದವರು. ಪಡಸಾಲೆಯಲ್ಲಿ ಚಾಪೆ ಮೇಲೆ ಕೂತು, ಟೈಪ್ ಮಾಡಿಸಿದ ಹಾಳೆ ನನ್ನ ಮುಂದಿಟ್ಟರು. ಪೆನ್ನಿನ ಟೋಪಿ ಮೊದಲೇ ತೆಗೆದಿಟ್ಟಿತ್ತು. ಅವ್ವ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ, ಕಪ್ಪಿನಲ್ಲೇ ಕೆನೆ ಕಟ್ಟಿತು. ಹಾಳೆಯಲ್ಲಿ ಹೀಗಿತ್ತು: ನಾನು ತಪ್ಪು ತಿಳುವಳಿಕೆಯಿಂದ ಅರ್ಜಿಗೆ ಸಹಿ ಮಾಡಿದ್ದೇನೆ, ಸದರಿ ಜಾಗ ಕೆರೆಯದಲ್ಲ ಎಂದು ಈಗ ನನಗೆ ಖಾತ್ರಿಯಾಗಿದೆ.

ಕಾಕಾ ಹೇಳಿದ್ದು ಒಂದೇ ಮಾತು. "ತಮ್ಮಾ, ನೀ ಹುಬ್ಬಳ್ಳಿಗೆ ಹೊಕ್ಕಿ. ಇಲ್ಲೆ ಇರಾವ ನಿಮ್ಮಣ್ಣ. ಅವನ ಮಾರಿ ನೋಡಿ ಸಹಿ ಹಾಕು."

ಎರಡು ತಿಂಗಳಿಂದ ಅಣ್ಣನ ಟ್ರ್ಯಾಕ್ಟರನ್ನು ಊರಲ್ಲಿ ಯಾರೂ ಬಾಡಿಗೆಗೆ ಕರೆದಿಲ್ಲ. ಹಿಂಗಾರಿ ಹಂಗಾಮು ಬೇರೆ. ಬರುವ ತಿಂಗಳು ಫೈನಾನ್ಸ್ ಕಂತು ಕಟ್ಟಬೇಕು. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ ಆಗಿದೆ.

ಒಂದು ವಾರ ಟೈಮ್ ಕೇಳಿ ಬಂದಿದ್ದೇನೆ. ಸಹಿ ಹಾಕಲೋ ಬೇಡವೋ?

ಉಣಕಲ್_ಏರಿ

ಹಾಕಬೇಡಿ.

ಹಾನಗಲ್_ಮಾವು

ಮೇಲಿನವರೇ, ಎರಡಕ್ಷರ ಬರೆದು ಹೋಗುವುದು ಸುಲಭ. ಟ್ರ್ಯಾಕ್ಟರ್ ಕಂತು ನೀವು ಕಟ್ಟುತ್ತೀರಾ?

ಕೆರೆದಂಡೆಯವರೇ, ನಾನು ಹಳ್ಳಿಯಲ್ಲೇ ಇರುವವನು, ಅದಕ್ಕೆ ಹೇಳುತ್ತಿದ್ದೇನೆ. ಊರಲ್ಲಿ ಎದುರು ಹಾಕಿಕೊಂಡು ಬದುಕುವುದು ಅಂದರೆ ದಿನಾ ಬೆಳಗಾದರೆ ಅದೇ. ಹಾಲಿನ ಡೇರಿಯಲ್ಲಿ ಮಾತಿಲ್ಲ, ಬೋರ್ ಕೆಟ್ಟರೆ ಕರೆಂಟಿನವನನ್ನು ಕರೆದುಕೊಂಡು ಬರುವವರಿಲ್ಲ, ಮನೆಯಲ್ಲಿ ಯಾರಾದರೂ ಸತ್ತರೆ ಹೆಗಲು ಕೊಡಲು ಜನ ಎಣಿಸಬೇಕು. ನಂಬಿಕೆ ನಿಮ್ಮದು, ಪೆಟ್ಟು ಅಣ್ಣನಿಗೆ. ಇದು ಸರಿಯಾ? ಅರ್ಜಿ ಕೊಟ್ಟಿರಿ, ವಿಷಯ ಆಫೀಸಿಗೆ ಮುಟ್ಟಿತು. ನಿಮ್ಮ ಕೆಲಸ ಆಯಿತು. ಈಗ ಸುಮ್ನೆ ಹಿಂದೆ ಸರಿಯಿರಿ.

ಉಣಕಲ್_ಏರಿ

ಕಂತು ನಾನು ಕಟ್ಟಲಾರೆ, ನಿಜ. ಆದರೆ ಹತ್ತು ಜನ ಇದೇ ಮಾತು ಹೇಳಿಕೊಂಡೇ ಹಿಂದೆ ಸರಿದಿದ್ದು. ಹನ್ನೊಂದನೆಯವರೂ ಸರಿದರೆ ಆ ಅಜ್ಜಿಯನ್ನು ಯಾರು ನೋಡುತ್ತಾರೆ?

ಕೋರ್ಟ್_ಸರ್ಕಲ್

ನಾನು ವಕೀಲೆ, ಹುಬ್ಬಳ್ಳಿಯಲ್ಲಿ ಪ್ರಾಕ್ಟೀಸ್. ಮೊದಲು ಒಂದು ಪ್ರಶ್ನೆ. ಆ ಹಾಳೆ ಬಿಳಿ ಕಾಗದವೋ, ಬಾಂಡ್ ಪೇಪರೋ?

ಕೆರೆದಂಡೆ

ಬಾಂಡ್ ಅಕ್ಕಾ. ನೋಟರಿ ಮಾಡಿಸುತ್ತೇವೆ, ನೀನು ಸಹಿ ಹಾಕಿದರೆ ಸಾಕು ಅಂದರು.

ಕೋರ್ಟ್_ಸರ್ಕಲ್

ಹಾಗಾದರೆ ಎಲ್ಲರೂ ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ನೀವು ಒಂದೇ ಮಾಡಿ ಜಗಳ ಆಡುತ್ತಿದ್ದೀರಿ.

ಅರ್ಜಿಯನ್ನು ಮುಂದುವರಿಸಲು ನನಗೆ ಆಗುವುದಿಲ್ಲ ಎನ್ನುವುದು ಒಂದು. ಅದರಲ್ಲಿ ಸುಳ್ಳಿಲ್ಲ. ಮನೆಯ ಪರಿಸ್ಥಿತಿ ಹಾಗಿದ್ದರೆ ಯಾರೂ ತಪ್ಪು ಅನ್ನಲಾರರು. ಆದರೆ ಅವರು ಕೇಳುತ್ತಿರುವುದು ಅದಲ್ಲ. ಕೆರೆ ಜಾಗ ಕೆರೆಯದಲ್ಲ ಎಂದು ನಿಮ್ಮ ಬಾಯಿಂದ ಹೇಳಿಸುತ್ತಿದ್ದಾರೆ. ಸುಳ್ಳು ಎಂದು ಗೊತ್ತಿದ್ದೂ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅಪರಾಧ. ನಾಳೆ ಸೈಟ್ ಮಾರುವಾಗ ಇದೇ ಹಾಳೆಯನ್ನು ಅವರು ತೋರಿಸುತ್ತಾರೆ. ಅರ್ಜಿ ಬರೆದವನೇ ಹೀಗೆ ಹೇಳಿದ್ದಾನೆ ನೋಡಿ ಅನ್ನುತ್ತಾರೆ. ನಿಮ್ಮ ಸಹಿಗೆ ಅಷ್ಟು ಬೆಲೆ ಇರುವುದಕ್ಕೇ ಮೂವರು ಹಿರಿಯರು ಎದ್ದು ಬಂದದ್ದು.

ಇನ್ನೊಂದು ಮಾತು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಪ್ರಕಾರ ಖಾಸಗಿಯವರದು ಎಂದು ಸಾಬೀತಾಗದ ಕೆರೆ, ಹಳ್ಳ ಎಲ್ಲ ಸರ್ಕಾರದ್ದು. ಒತ್ತುವರಿ ತೆಗೆಸುವ ಅಧಿಕಾರ ಅದೇ ಕಾಯ್ದೆಯಲ್ಲಿದೆ. ಅದಕ್ಕೆ ಹನ್ನೆರಡು ಸಹಿ ಬೇಕು ಅಂತ ಎಲ್ಲೂ ಇಲ್ಲ. ಒಬ್ಬ ಅಜ್ಜಿಯ ಹೆಬ್ಬೆಟ್ಟು ಸಾಕು. ಅರ್ಜಿದಾರರು ಎಲ್ಲರೂ ಹಿಂದೆ ಸರಿದರೂ ಅಧಿಕಾರಿ ತಾವಾಗಿಯೇ ಅಳತೆಗೆ ಆದೇಶ ಮಾಡಬಹುದು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಒಂದು ಊರ ಕೆರೆ ಒತ್ತುವರಿ ಪ್ರಕರಣದಲ್ಲಿ, ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳಿಗೂ ಹೇಳಿದೆ. ಅಲ್ಲೂ ಕೆರೆಗೆ ಮಣ್ಣು ತುಂಬಿ ಕಟ್ಟಡ ಕಟ್ಟಿದ್ದರು.

ನರಗುಂದ_ಗುಡ್ಡ

ಅಕ್ಕೋರೆ, ಸರಿಯಾಗಿ ಬಿಡಿಸಿ ಹೇಳಿದಿರಿ.

ನಮ್ಮ ಕಡೆಯವರಿಗೆ ಒತ್ತಡ ಅಂದರೆ ಏನು ಅಂತ ಗೊತ್ತು. 1981ರಲ್ಲಿ ಮಲಪ್ರಭಾ ಕಾಲುವೆ ನೀರಿನ ಅಭಿವೃದ್ಧಿ ಕರ ಕಟ್ಟುವುದಿಲ್ಲ ಅಂತ ರೈತರು ನಿಂತಾಗ ಏನೆಲ್ಲ ಮಾಡಿದರು. ಆದರೂ ಜಗ್ಗಲಿಲ್ಲ. ಗೋಲಿಬಾರ್ ಆಯಿತು, ಜೀವ ಹೋಯಿತು. ಅಲ್ಲಿಂದಲೇ ಇಡೀ ರಾಜ್ಯದ ರೈತ ಚಳವಳಿ ಎದ್ದಿತು.

ನವಲಗುಂದ_ಜಮಖಾನೆ

1981 ಅಲ್ಲ, 1980. ಜುಲೈ 21. ನರಗುಂದದಲ್ಲೂ ಆಯಿತು, ನಮ್ಮ ನವಲಗುಂದದಲ್ಲೂ ಆಯಿತು. ಈಗಲೂ ಪ್ರತಿ ವರ್ಷ ಆ ದಿನ ಹುತಾತ್ಮರ ಕಲ್ಲಿಗೆ ಹಾರ ಹಾಕುತ್ತೇವೆ.

ಮತ್ತೆ ಅರ್ಧ ಕತೆ ಹೇಳಬೇಡಿ. ಅವತ್ತು ನರಗುಂದದಲ್ಲಿ ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ. ನಮ್ಮ ಅಜ್ಜ ಅವತ್ತಿನ ಮಾತು ಬಂದಾಗಲೆಲ್ಲ, ಕರ ಕಟ್ಟದೆ ಕೂತದ್ದು ನ್ಯಾಯ, ಕೈಗೆ ಕಲ್ಲು ತಗೊಂಡದ್ದು ಅಲ್ಲ ಅನ್ನುತ್ತಿದ್ದರು.

ನರಗುಂದ_ಗುಡ್ಡ

ಇಸವಿ ತಪ್ಪಾಯಿತು, ಒಪ್ಪಿದೆ. ಎರಡನೆಯದನ್ನೂ ಒಪ್ಪುತ್ತೇನೆ. ಆದರೆ ಉಳುವ ರೈತನ ಮನೆ ಜಪ್ತಿಗೆ ಬಂದರೆ ಎಷ್ಟು ದಿನ ಕೈಕಟ್ಟಿ ಕೂರುತ್ತಾನೆ, ಅದನ್ನೂ ಯೋಚಿಸಬೇಕು.

ಹಾನಗಲ್_ಮಾವು

ಇಲ್ಲೇ ನನ್ನ ತಕರಾರು. ನರಗುಂದದಲ್ಲಿ ಊರಿಗೆ ಊರೇ ಒಂದಾಗಿತ್ತು. ಇವರ ಜೊತೆ ಇರುವುದು ಒಬ್ಬ ಅಜ್ಜಿ. ಸಾವಿರ ಜನ ನಿಂತ ಕತೆ ಹೇಳಿ ಒಬ್ಬನನ್ನು ಮುಂದೆ ತಳ್ಳಬೇಡಿ.

ಕುಸನೂರ_ಹಾದಿ

ಹಾನಗಲ್‌ನವರೇ, ನಿಮ್ಮ ತಾಲೂಕಿನದೇ ಕತೆ ಹೇಳುತ್ತೇನೆ, ನಿಮಗೂ ಗೊತ್ತಿರಬಹುದು.

1987ರ ನವೆಂಬರ್ 14. ನನಗಾಗ ಹದಿನಾಲ್ಕೋ ಹದಿನೈದೋ. ನಮ್ಮ ಕಡೆ ದನ ಮೇಯುತ್ತಿದ್ದ, ಸೌದೆ ತರುತ್ತಿದ್ದ ಜಾಗಗಳನ್ನೆಲ್ಲ ನೀಲಗಿರಿ ಬೆಳೆಸಲು ಸರ್ಕಾರ ಒಂದು ಜಂಟಿ ಕಂಪನಿಗೆ ಕೊಟ್ಟಿತ್ತು. ಒಟ್ಟು 75 ಸಾವಿರ ಎಕರೆಯ ಲೆಕ್ಕ ಅದು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠರು ಎಲ್ಲ ಊರೂರು ತಿರುಗಿ ಜನರನ್ನು ಸೇರಿಸಿದರು. ಆ ದಿನ ಕುಸನೂರಿನಲ್ಲಿ ನಡೆದದ್ದೇ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ನೀಲಗಿರಿ ಸಸಿ ಕೀಳುವುದು, ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡ ಹಚ್ಚುವುದು. ಆಗ ನಾವಿನ್ನೂ ಧಾರವಾಡ ಜಿಲ್ಲೆ.

ಅಪ್ಪನ ಜೊತೆ ಹೋಗಿದ್ದೆ. ನನಗೆ ನೆನಪಿರುವುದು ಭಾಷಣ ಅಲ್ಲ. ಒಂದು ಸಸಿಯನ್ನು ಅಪ್ಪ ಎರಡೂ ಕೈಯಿಂದ ಹಿಡಿದು ಎಳೆದರು. ಬುಡದಲ್ಲಿ ಕೆಂಪು ಮಣ್ಣು ಹಿಡಿದುಕೊಂಡೇ ಬಂತು. ಅಪ್ಪ ಆ ಮಣ್ಣು ಕೊಡವಿ ಅದೇ ಗುಂಡಿಗೆ ಹಾಕಿದರು, ಆಮೇಲೆ ಬೇರೆ ಗಿಡ ಇಟ್ಟರು. ಮನೆಗೆ ಬಂದ ಮೇಲೆ ಅವ್ವ ಕೇಳಿದಳು, ಪೊಲೀಸರು ಹಿಡಿದುಕೊಂಡು ಹೋಗಿದ್ದರೆ ಏನು ಮಾಡುತ್ತಿದ್ದಿರಿ ಅಂತ. ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಹೆದರಿಕೆ ಅವರಿಗೂ ಇತ್ತು.

ಕಂಪನಿ ಮುಚ್ಚಿದ್ದು 1991ರಲ್ಲಿ. ನಾಲ್ಕು ವರ್ಷ ಹಿಡಿಯಿತು. ನಡುವೆ ಎಷ್ಟೋ ಜನ ದಣಿದು ಬಿಟ್ಟರು, ಮತ್ತೆ ಬಂದರು. ಶುರುವಿಗೆ ಅದೂ ನಾಲ್ಕೈದು ಜನರೇ ಮಾತಾಡಿಕೊಂಡಿದ್ದಲ್ವಾ?

ಹಾನಗಲ್_ಮಾವು

ಕೇಳಿದ್ದೇನೆ. ನಮ್ಮ ದೊಡ್ಡಪ್ಪ ಕೂಡ ಹೋಗಿದ್ದರಂತೆ. ನಾನು ಹೋರಾಟ ಬೇಡ ಅನ್ನುತ್ತಿಲ್ಲ. ಮನೆಯವರನ್ನು ಕೇಳದೆ ಮಾಡಬೇಡಿ ಅನ್ನುತ್ತಿದ್ದೇನೆ.

ಶಿಗ್ಗಾವಿ_ಬೈಲು

ನೀಲಗಿರಿ ಮಾತು ಬಂತಲ್ಲ, ನಮ್ಮ ಹೊಲದ ಪಕ್ಕ ಈಗಲೂ ಎರಡು ಸಾಲು ಇವೆ. ಆ ಕಡೆ ಎಂಟು ಮಾರು ಏನೂ ಬೆಳೆಯುವುದಿಲ್ಲ. ಗೋವಿನಜೋಳ ಮೊಣಕಾಲುದ್ದ ಆಗಿ ನಿಂತುಬಿಡುತ್ತದೆ.

ನವಲಗುಂದ_ಜಮಖಾನೆ

ನೆರಳಿನಿಂದ ಇರಬಹುದು, ಎಲ್ಲಕ್ಕೂ ನೀಲಗಿರಿ ಕಾರಣ ಅಲ್ಲ.

ಶಿಗ್ಗಾವಿ_ಬೈಲು

ನೆರಳು ಬೀಳುವುದು ಆಚೆ ಕಡೆಗೆ ಅಣ್ಣಾ. ಬಂದು ನೋಡಿ.

ಮುಂಡರಗಿ_ಗಾಳಿ

ಕೆರೆದಂಡೆ ತಮ್ಮಾ, ನಿನ್ನ ಕಾಕಾನ ಮಾತು ಓದಿ ನನ್ನ ಮಾವನವರ ನೆನಪಾಯಿತು.

2011ರಲ್ಲಿ ನಮ್ಮ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ತಗೊಳ್ಳುವ ಮಾತು ನಡೆದಿತ್ತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು. ಆಗ ಎಲ್ಲ ರೈತರೂ ಒಂದೇ ಮನಸ್ಸಿನಲ್ಲಿದ್ದರು ಅಂತ ಯಾರಾದರೂ ಹೇಳಿದರೆ ನಂಬಬೇಡ. ನಮ್ಮ ಮನೆಯಲ್ಲೇ ಎರಡು ಭಾಗ. ಮಾವನವರು ಕೊಡೋಣ ಎಂದರು. ಮಳೆ ನಂಬಿ ಎಷ್ಟು ವರ್ಷ ಸಾಲ ಮಾಡುವುದು ಅಂತ ಅವರ ವಾದ. ಅವರ ತಮ್ಮ ಕೊಡುವುದಿಲ್ಲ ಎಂದರು. ಒಂದೇ ಅಡುಗೆ ಮನೆ, ಎರಡು ಪಂಕ್ತಿ ಊಟ. ನಾನು ಇಬ್ಬರಿಗೂ ರೊಟ್ಟಿ ಬಡಿದು ಹಾಕಿದವಳು.

ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಚಿಕ್ಕ ಮಾವ ಗೆದ್ದರು ಅನ್ನಬಹುದು. ಆದರೆ ಅವರು ಅಣ್ಣನ ಮುಂದೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಆ ವರ್ಷದ ಬಿಳಿಜೋಳದ ರಾಶಿಗೆ ತಾವೇ ಹೋಗಿ ಅಣ್ಣನನ್ನು ಕರೆದುಕೊಂಡು ಬಂದರು. ನಾನು ಅವರಲ್ಲಿ ಮೆಚ್ಚಿಕೊಂಡದ್ದು ಅದನ್ನೇ.

ನಿಮ್ಮ ಕಾಕಾನನ್ನು ವೈರಿ ಅಂದುಕೊಳ್ಳಬೇಡ. ಅವರ ಮೇಲೂ ಯಾರದೋ ಒತ್ತಡ ಇರುತ್ತದೆ.

ಬೆಟಗೇರಿ_ಮಗ್ಗ

ಅಕ್ಕನ ಮಾತಿಗೆ ನನ್ನದೂ ಸೇರಿಸುತ್ತೇನೆ. ಇದನ್ನು ನಾನು ಎಲ್ಲೂ ಹೇಳಿಕೊಂಡಿಲ್ಲ.

ನಾನು ಹನ್ನೊಂದು ವರ್ಷ ಹಿಂದೆ ಸರಿಯದೆ ನಿಂತವನು. ನನಗೂ ನನ್ನ ತಮ್ಮನಿಗೂ ಹೊಲದ ಬದುವಿನ ಮೇಲಿನ ಒಂದು ಬೇವಿನ ಮರಕ್ಕಾಗಿ ಜಗಳ. ಅಳತೆ ಮಾಡಿಸಿದೆ, ಮರ ನನ್ನ ಕಡೆ ಬಂತು. ಕಾಗದದ ಪ್ರಕಾರ ನನ್ನದೇ ನ್ಯಾಯ. ಹಿರಿಯರು ಎಷ್ಟು ಸಲ ಬಂದರು. ಇಬ್ಬರದೂ ಅಂತ ಇಟ್ಟುಕೊಳ್ಳಿ ಎಂದರು. ನನ್ನ ಮಾತು ಒಂದೇ, ನ್ಯಾಯ ನ್ಯಾಯವೇ. ಬಗ್ಗುವುದಿಲ್ಲ.

ತಮ್ಮ ತೀರಿಕೊಂಡ. ಮಣ್ಣಿಗೆ ಹೋದೆ. ಅವನ ಮಗ ನನ್ನ ಮುಖ ನೋಡಲಿಲ್ಲ. ದೂರದಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದೆ. ಆ ಮರ ಈಗಲೂ ಇದೆ. ಮಧ್ಯಾಹ್ನದ ಮೇಲೆ ಅದರ ನೆರಳು ಬೀಳುವುದು ತಮ್ಮನ ಹೊಲದಲ್ಲೇ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೆರೆದಂಡೆಯವರೇ, ನಿಮ್ಮದು ಹಾಗಲ್ಲ ಅಂತ ನನಗೆ ಗೊತ್ತು. ನೀವು ಬೇಡುತ್ತಿರುವುದು ನಿಮಗಾಗಿ ಅಲ್ಲ. ಆದರೂ ರಾತ್ರಿ ಒಬ್ಬರೇ ಕೂತು ಒಮ್ಮೆ ಕೇಳಿಕೊಳ್ಳಿ. ಆ ಅರ್ಧ ಎಕರೆ ಕೆರೆಗೆ ವಾಪಸ್ ಬಂದು, ನಿಮ್ಮ ಹೆಸರು ಯಾರ ಬಾಯಲ್ಲೂ ಬರದಿದ್ದರೆ ನಿಮಗೆ ಸಂತೋಷವೇ? ಹೌದು ಅನಿಸಿದರೆ ಗಟ್ಟಿಯಾಗಿ ನಿಲ್ಲಿ. ನಾನು ನನ್ನ ಮರದ ವಿಷಯದಲ್ಲಿ ಇದನ್ನು ಕೇಳಿಕೊಳ್ಳಲೇ ಇಲ್ಲ.

ಉಣಕಲ್_ಏರಿ

ಕಾಕಾ, ನಿಮ್ಮ ತಮ್ಮನ ಮಗ ಈಗ ಎಲ್ಲಿದ್ದಾನೆ?

ಬೆಟಗೇರಿ_ಮಗ್ಗ

ಊರಲ್ಲೇ. ಮಾತಿಲ್ಲ.

ಮುಂಡರಗಿ_ಗಾಳಿ

ನೀವೇ ಮೊದಲು ಹೋಗಿ ಅಣ್ಣಾ. ಹುಡುಗರು ಕಾಯುತ್ತಿರುತ್ತಾರೆ.

ಸಪ್ತಾಪುರ_ಲೆಕ್ಚರರ್

ಧಾರವಾಡದಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಹಾನಗಲ್‌ನವರು ಒಬ್ಬ ಅಜ್ಜಿ ಅಷ್ಟೇ ಅಂದರಲ್ಲ, ಅದಕ್ಕೆ ಒಂದು ವಿಷಯ.

ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬುವರು 1950ರ ಸುಮಾರಿಗೆ ಒಂದು ಪ್ರಯೋಗ ಮಾಡಿದರು. ಕಾರ್ಡಿನ ಮೇಲೆ ಮೂರು ಗೆರೆ, ಪಕ್ಕದಲ್ಲಿ ಇನ್ನೊಂದು ಗೆರೆ. ಯಾವುದು ಸಮ ಅಂತ ಹೇಳಬೇಕು. ಮಕ್ಕಳೂ ಹೇಳುವಷ್ಟು ಸುಲಭ. ಆದರೆ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬನಿಗೆ ಇದು ಗೊತ್ತಿಲ್ಲ. ಕಣ್ಣೆದುರಿಗೆ ಸರಿಯಾದ ಗೆರೆ ಕಾಣುತ್ತಿದ್ದರೂ ಮೂರರಲ್ಲಿ ಒಂದು ಸಲದಷ್ಟು ಗುಂಪಿನ ತಪ್ಪನ್ನೇ ಹೇಳಿದರು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಬಗ್ಗಿದರು. ಯಾರೂ ಹೆದರಿಸಿರಲಿಲ್ಲ, ಕಂತು ಕಟ್ಟುವುದಿರಲಿಲ್ಲ, ಗೆರೆ ಅಷ್ಟೇ.

ಮುಖ್ಯವಾದದ್ದು ಮುಂದೆ ಇದೆ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಮಾಡಿದಾಗ, ಹಾಗೆ ಬಗ್ಗುವುದು ಕಾಲು ಭಾಗಕ್ಕೆ ಇಳಿಯಿತು. ಒಬ್ಬನೇ ಒಬ್ಬ ಜೊತೆಗಿದ್ದರೆ ಸಾಕು. ನಿಮ್ಮ ಅಜ್ಜಿಗೆ ನೀವು ಆ ಒಬ್ಬ. ನಿಮಗೆ ಆಕೆ.

ಹಾನಗಲ್_ಮಾವು

ಇದು ಚೆನ್ನಾಗಿದೆ. ಒಪ್ಪುತ್ತೇನೆ. ಆದರೆ ಗೆರೆ ತಪ್ಪು ಹೇಳಿದವನ ಅಣ್ಣನ ಟ್ರ್ಯಾಕ್ಟರ್ ನಿಲ್ಲುವುದಿಲ್ಲ ಸರ.

ಕೆಲಗೇರಿ_ನಿವೃತ್ತ

ನಾನು ಧಾರವಾಡದವನು, ವಯಸ್ಸು ಎಪ್ಪತ್ತೆರಡು. ಬಗ್ಗುವುದು, ಬಗ್ಗದಿರುವುದು ಎಂದಾಗ ಈ ಊರಿನವರಿಗೆ ಡಾ. ಎಂ.ಎಂ. ಕಲಬುರ್ಗಿಯವರ ನೆನಪು ಬಾರದೆ ಇರುವುದಿಲ್ಲ. 1989ರಲ್ಲಿ ಒತ್ತಡ ಬಂದಾಗ ಅವರು ತಮ್ಮ ಸಂಶೋಧನೆಯ ಕೆಲವು ಬರಹಗಳನ್ನು ಹಿಂದಕ್ಕೆ ತೆಗೆದುಕೊಂಡರು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಆದರೆ ಅದು ಬೌದ್ಧಿಕ ಆತ್ಮಹತ್ಯೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಅಷ್ಟಕ್ಕೆ ಅವರು ಬರೆಯುವುದನ್ನು ಬಿಡಲಿಲ್ಲ. ಮತ್ತೆ ಇಪ್ಪತ್ತೈದು ವರ್ಷ ಶಾಸನ, ವಚನ ಅಂತ ದುಡಿದರು, ಅನ್ನಿಸಿದ್ದನ್ನು ಹೇಳಿದರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣ ನಗರದ ಅವರ ಮನೆಯಲ್ಲೇ ಗುಂಡು ಹಾರಿಸಿ ಕೊಂದರು. ಅವತ್ತು ಆ ಓಣಿಯಲ್ಲಿ ನಾನೂ ನಿಂತಿದ್ದೆ. ಮಾತಾಡುವವರೇ ಇರಲಿಲ್ಲ.

ಹೇಳಬೇಕಾದದ್ದು ಇಷ್ಟು. ಒಮ್ಮೆ ಬಗ್ಗಿದವರನ್ನು ಮುಗಿದೇ ಹೋದರು ಅಂತ ಲೆಕ್ಕ ಹಾಕಬೇಡಿ. ನಿಮ್ಮ ಊರಿನ ಹತ್ತು ಜನರಲ್ಲಿ ಯಾರೋ ಮತ್ತೆ ಬರುತ್ತಾರೆ. ಅವರಿಗೆ ಬಾಗಿಲು ತೆರೆದಿಡಿ, ಹಂಗಿಸಬೇಡಿ.

ನವಲಗುಂದ_ಜಮಖಾನೆ

ಸರ, ಅವರೇ ಅದನ್ನು ಆತ್ಮಹತ್ಯೆ ಅಂದ ಮೇಲೆ ಹಾಗೆ ಹಿಂದೆ ಸರಿದ ನೋವು ಎಷ್ಟಿತ್ತು ಅನ್ನುವುದೂ ಗೊತ್ತಾಗುತ್ತದಲ್ಲ. ಅಂಥ ವಿದ್ವಾಂಸರಿಗೇ ಹಾಗಾದರೆ ನಮ್ಮಂಥವರ ಗತಿ?

ಕೆಲಗೇರಿ_ನಿವೃತ್ತ

ನೋವು ಇದ್ದೇ ಇರುತ್ತದೆ. ಇಲ್ಲ ಅಂದೆನೇನು?

ಮೋಟೆಬೆನ್ನೂರು_ಗಾಡಿ

ನಮ್ಮೂರ ಮೈಲಾರ ಮಹಾದೇವಪ್ಪನವರ ಹೆಸರು ಇಷ್ಟು ಹೊತ್ತು ಯಾರೂ ಹೇಳಲೇ ಇಲ್ಲ. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ತಂಡದಲ್ಲಿ ನಮ್ಮ ಕಡೆಯ ಹುಡುಗ. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಜೊತೆಗೆ ಇನ್ನಿಬ್ಬರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಮಹಾದೇವಪ್ಪನವರ ಹೆಂಡತಿ ಸಿದ್ದಮ್ಮನವರೂ ಜೈಲಿಗೆ ಹೋಗಿ ಬಂದವರು. ಮನೆಯವರೂ ಜೊತೆ ನಿಂತಿದ್ದರು ಅನ್ನುವುದಕ್ಕೆ ಹೇಳಿದೆ.

ಸರ, ಕತೆ ಸಾಕು, ಕೆಲಸದ ಮಾತಿಗೆ ಬರುತ್ತೇನೆ. ಅಣ್ಣನ ಟ್ರ್ಯಾಕ್ಟರ್ ಎಷ್ಟು ಎಚ್‌ಪಿ? ರೋಟಾವೇಟರ್ ಇದೆಯಾ? ಗೋವಿನಜೋಳ ಕಟಾವು ಮುಗಿದಿದೆ, ನಮ್ಮದು ಮತ್ತು ಬೀಗರದು ಸೇರಿ ಹದಿನೆಂಟು ಎಕರೆ ಹದ ಮಾಡಬೇಕು. ಬಾಡಿಗೆ ಊರಲ್ಲಿ ಏನು ನಡೆಯುತ್ತದೋ ಅದೇ ಕೊಡುತ್ತೇವೆ.

ಕೆರೆದಂಡೆ

45 ಎಚ್‌ಪಿ ಇದೆ. ರೋಟಾವೇಟರೂ ಇದೆ. ಅಣ್ಣಾ, ನೀವು ನಿಜವಾಗಿ ಹೇಳುತ್ತಿದ್ದೀರಾ?

ಮೋಟೆಬೆನ್ನೂರು_ಗಾಡಿ

ನಿಜವಾಗಿಯೇ. ನಂಬರ್ ಮೆಸೇಜಿಗೆ ಹಾಕಿ.

ಶಿಗ್ಗಾವಿ_ಬೈಲು

ನಮ್ಮ ಕಡೆ ಕಡಲೆ ಬಿತ್ತನೆಗೆ ಇನ್ನೂ ಎಂಟು ದಿನ ಇದೆ. ನಾಲ್ಕು ಎಕರೆ. ನನ್ನದನ್ನೂ ಬರೆದುಕೊಳ್ಳಿ.

ಹಾನಗಲ್_ಮಾವು

ಇದು ಮಾತು. ಇಷ್ಟು ಹೊತ್ತು ನಾನು ಕೇಳುತ್ತಿದ್ದದ್ದು ಇದನ್ನೇ. ಇನ್ನು ನನ್ನ ತಕರಾರಿಲ್ಲ.

ಕೋರ್ಟ್_ಸರ್ಕಲ್

ಕೆರೆದಂಡೆಯವರೇ, ನಿಮ್ಮ ಕೈಯಲ್ಲಿ ಕಾಗದ ಏನೇನಿವೆ? ಅರ್ಜಿಯ ಸ್ವೀಕೃತಿ ಸೀಲ್ ಇರುವ ಝೆರಾಕ್ಸ್ ಇದ್ದರೆ ಜೋಪಾನ. ದಿಶಾಂಕ್ ಆ್ಯಪಿನಲ್ಲಿ ಆ ಜಾಗದ ಮೇಲೆ ನಿಂತು ಸರ್ವೆ ನಂಬರ್ ನೋಡಿ, ಫೋಟೊ ತೆಗೆದಿಡಿ. ಅದು ದಾಖಲೆ ಆಗುವುದಿಲ್ಲ, ನಿಮಗೆ ಖಾತ್ರಿಗೆ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಕೆರೆಯ ಉತಾರ (ಪಹಣಿ) ಮತ್ತು ನಿಮ್ಮ ಅರ್ಜಿಯ ಮೇಲೆ ಏನು ಕ್ರಮ ಆಯಿತು ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ನೋಡಿಕೊಳ್ಳುವುದು ಜಿಲ್ಲಾ ಪಂಚಾಯಿತಿ. ಅಲ್ಲಿಗೂ ಒಂದು ಪ್ರತಿ ಹೋಗಲಿ. ಬಾಯಿಮಾತಿನ ಉತ್ತರ ಬೇಡ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರೆಸಿಕೊಳ್ಳಿ.

ಮತ್ತೆ ಅಜ್ಜಿಗೆ ಹೇಳಿ, ಯಾವ ಕಾಗದ ಬಂದರೂ ಓದಿಸದೆ ಹೆಬ್ಬೆಟ್ಟು ಒತ್ತಬಾರದು.

ಕೆರೆದಂಡೆ

ಎಲ್ಲರಿಗೂ ನಮಸ್ಕಾರ, ಐದು ದಿನ ಆಯಿತು. ಉತ್ತರ ಬರೆಯಲು ತಡವಾಯಿತು, ಊರಿಗೆ ಹೋಗಿದ್ದೆ.

ಮೊದಲು ಅಣ್ಣನ ಜೊತೆ ಕೂತೆ. ಹೊಲದಲ್ಲಿ, ಟ್ರ್ಯಾಕ್ಟರಿನ ನೆರಳಿಗೆ. ನೀನು ಹೇಳಿದ ಹಾಗೆ ಮಾಡುತ್ತೇನೆ, ಸರಿ ಅಂದರೆ ಸರಿ, ಬೇಡ ಅಂದರೆ ಅರ್ಜಿ ಮುಂದುವರಿಸುವುದಿಲ್ಲ ಅಂತ ಬರೆದುಕೊಡುತ್ತೇನೆ ಅಂದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸುಳ್ಳ ಬರದ ಕೊಡಬ್ಯಾಡ. ಅಪ್ಪ ಈಜು ಕಲಿಸಿದ್ದು ಅದ ಕೆರಿಯಾಗ" ಅಂದ. ಬೇರೆ ಊರಿನ ಕೆಲಸ ಸಿಕ್ಕಿದೆ ಅಂದಾಗ ಮೊದಲು ನಂಬಲಿಲ್ಲ. ಮೋಟೆಬೆನ್ನೂರು ಅಣ್ಣ ಫೋನ್ ಮಾಡಿದ ಮೇಲೆ ಡೀಸೆಲ್ ಹಾಕಿಸಿಕೊಂಡು ಬಂದ.

ಅಜ್ಜಿಯ ಮನೆಗೆ ಹೋದೆ. ಅವರ ಹತ್ತಿರವೂ ಆ ಬಾಂಡ್ ಬಂದಿತ್ತಂತೆ. ಹಿಟ್ಟಿನ ಡಬ್ಬಿಯೊಳಗಿಂದ ನಾನು ಕೊಟ್ಟಿದ್ದ ಅರ್ಜಿಯ ಝೆರಾಕ್ಸ್ ತೆಗೆದು ತೋರಿಸಿದಳು. ನಾಲ್ಕು ಮಡಿಕೆ, ಮೇಲೆಲ್ಲ ಜೋಳದ ಹಿಟ್ಟು. "ನಂಗ ಓದಾಕ ಬರಂಗಿಲ್ಲ. ಇದ್ರಾಗ ಇರೂದು ನಂದ ಬಟ್ಟು ಹೌದಿಲ್ಲೋ? ಹಂಗಾರ ಇನ್ನೊಂದು ಯಾಕ ಒತ್ತಲಿ" ಅಂದಳು. ನನಗೆ ಬಾಯಿಂದ ಮಾತು ಹೊರಡಲಿಲ್ಲ.

ಕಾಕಾನ ಮನೆಗೂ ಹೋದೆ. ಕಾಲು ಮುಟ್ಟಿ ನಮಸ್ಕಾರ ಮಾಡಿ, ಅದಕ್ಕೆ ಸಹಿ ಹಾಕಲು ಆಗುವುದಿಲ್ಲ ಕಾಕಾ ಎಂದೆ. ಅವರು ಎದ್ದು ಒಳಗೆ ಹೋದರು. ಹತ್ತು ನಿಮಿಷ ಕೂತಿದ್ದೆ, ಹೊರಗೆ ಬರಲಿಲ್ಲ. ಬಹಳ ಬೇಜಾರಾಯಿತು. ಇದು ಸರಿಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ಹಿಂದೆ ಸರಿದವರಲ್ಲಿ ಒಬ್ಬರು ರಾತ್ರಿ ಮನೆಗೆ ಬಂದು ಅರ್ಜಿಯ ಝೆರಾಕ್ಸ್ ಕೇಳಿ ತಗೊಂಡು ಹೋದರು. ಯಾಕೆ ಅಂತ ನಾನು ಕೇಳಲಿಲ್ಲ.

ಮೊನ್ನೆ ತಹಶೀಲ್ದಾರ್ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು, ಹಿಂಬರಹವೂ ಬೇಕು ಎಂದು ಬರೆದುಕೊಟ್ಟೆ. ನಿನ್ನೆ ಅಲ್ಲಿಂದಲೇ ಫೋನ್ ಬಂತು. ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರ್ವೆಯವರು ಅಳತೆಗೆ ಬರುತ್ತಾರಂತೆ.

ಬೆಟಗೇರಿ_ಮಗ್ಗ

ಕಾಕಾನ ಮನೆಗೆ ಮತ್ತೆ ಹೋಗಿ. ಬಾಗಿಲು ತೆಗೆಯದಿದ್ದರೂ ಹೋಗಿ. ನಾನು ನಿನ್ನೆ ತಮ್ಮನ ಮಗನ ಮನೆಗೆ ಹೋಗಿ ಬಂದೆ. ಚಹಾ ಕೊಟ್ಟ.

ಕೋರ್ಟ್_ಸರ್ಕಲ್

ಅಳತೆಯ ದಿನ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಯಾರಾದರೂ ಇಬ್ಬರು ಬೇಕಾಗುತ್ತಾರೆ. ಊರಿನವರೇ ಆದರೆ ಒಳ್ಳೆಯದು. ಹೊರಗಿನವರು ಬಂದರೆ ಜಗಳ ಆಡಬೇಡಿ, ಘೋಷಣೆ ಬೇಡ, ಸುಮ್ಮನೆ ನಿಂತು ನೋಡಿ. ಅಜ್ಜಿಗೆ ಕೂರಲು ಒಂದು ಕುರ್ಚಿ ತಂದಿಡಿ.

ಉಣಕಲ್_ಏರಿ

ನಾನು ಬರುತ್ತೇನೆ. ಹುಬ್ಬಳ್ಳಿಯಿಂದ ಬೆಳಿಗ್ಗೆ ಎಂಟಕ್ಕೆ ಬಿಡುತ್ತೇನೆ.

ಹಾನಗಲ್_ಮಾವು

ನಾನು ಬೈಕ್ ಮೇಲೆ ಬರುತ್ತೇನೆ. ಹಿಂದೆ ಒಬ್ಬರಿಗೆ ಜಾಗ ಇದೆ, ಹಾವೇರಿ ಬಸ್ ಸ್ಟ್ಯಾಂಡಿನಿಂದ ಯಾರಾದರೂ ಬರುವವರಿದ್ದರೆ ಹತ್ತಕ್ಕೆ ಗೇಟಿನ ಹತ್ತಿರ ನಿಂತಿರಿ.